ಕಲ್ಪಿತ ರಾಷ್ಟ್ರಗಳಲ್ಲಿ ಪರದೇಶಿಯ ಪೌರತ್ವ

ಕವಿಗಳೂ ತತ್ತ್ವಜ್ಞರೂ ಭಾವನೆಯಿಂದ ನಿರ್ಮಿಸಿದ ರಾಷ್ಟ್ರಗಳನ್ನು ಕುರಿತು ವಿಮರ್ಶಕರು ಬಹಳವಾಗಿ ಬರೆದಿದ್ದಾರೆ. ಅಲ್ಲಿಯ ಸ್ವತ್ತಿನ ವ್ಯವಸ್ಥೆ ಎಂತಹದು, ವಿವಾಹದ ಕಟ್ಟಳೆ ಎಂತಹದು, ಮಕ್ಕಳ ಶಿಕ್ಷಣ ಹೇಗೆ, ಆಳುವವರನ್ನು ಆರಿಸುವ ಕ್ರಮವೇನು ಎಂಬ ವಿಷಯಗಳು ಪುನಃಪುನಃ ಚರ್ಚೆಗೆ ಬಂದಿವೆ. ಆದರೆ ಆ ರಾಷ್ಟ್ರಗಳ ಹೆಬ್ಬಾಗಿಲಿಗೆ ಬಂದು ನಿಂತ ಹೊರಗಿನವನ ಗತಿಯೇನು, ಅವನು ಅಲ್ಲಿಯೇ ನೆಲೆಸಿ ಅಲ್ಲಿಯವನೇ ಆಗಬಹುದೆ, ಆಗಬಹುದಾದರೆ ಯಾವ ನಿಬಂಧನೆಗೆ ಒಳಪಟ್ಟು ಎಂಬ ವಿಚಾರಕ್ಕೆ ಅಷ್ಟು ಗಮನ ದೊರೆತಂತಿಲ್ಲ. ಇದು ಅಲ್ಪವಿಷಯವೆಂದು ತೋರಬಹುದು, ಹಾಗಲ್ಲ. ರಾಷ್ಟ್ರವೆಂದರೆ ಏನೆಂದು ಗ್ರಂಥಕರ್ತನು ನಿಜವಾಗಿ ನಂಬಿದ್ದನೋ ಅದು ಒಳಮನೆಗಿಂತ ಹೊಸ್ತಿಲಲ್ಲಿಯೇ ಹೆಚ್ಚಾಗಿ ಬಯಲಾಗುತ್ತದೆ. ರಾಷ್ಟ್ರವು ಒಂದು ಕುಲವೆಂದು ತಿಳಿದವನು ಪರದೇಶಿಗೆ ಬಾಗಿಲು ತೆರೆಯಲಾರನು. ಅದು ಉತ್ತಮ ಶಾಸನಗಳಿಂದ ಉಂಟಾದದ್ದು, ಕಲಿತವರಿಗೆಲ್ಲ ಬರತಕ್ಕದ್ದು ಎಂದು ಸಾರುವವನು ತೆರೆಯದೆ ಇರಲಾಗದು. ಹಾಗೆ ಸಾರಿದ ಬಳಿಕವೂ ತೆರೆಯದೆ ಹೋದರೆ ಅವನ ಸಿದ್ಧಾಂತದಲ್ಲಿ ಎಲ್ಲಿಯೋ ಬಿರುಕಿದೆಯೆಂದು ಶಂಕಿಸಬೇಕಾಗುತ್ತದೆ.

ಈ ವಿಚಾರಕ್ಕೆ ಕನ್ನಡದಲ್ಲಿ ಬಳಕೆಯಾಗುವ ಶಬ್ದಗಳೇ ಒಂದು ಕೈದೀವಿಗೆ. ‘ಪ್ರಜೆ’ ಎಂಬುದಕ್ಕೆ ಸಂಸ್ಕೃತದಲ್ಲಿ ಮೊದಲ ಅರ್ಥ ಸಂತಾನ. ಅಲ್ಲಿ ಹುಟ್ಟು ಮುಖ್ಯ. ‘ಪೌರ’ನೆಂದರೆ ಪುರದಲ್ಲಿ ವಾಸಿಸತಕ್ಕವನು, ಅಲ್ಲಿ ನೆಲೆ ಮುಖ್ಯ. ‘ನಾಗರಿಕ’ನೂ ನಗರದವನೇ ಆದರೂ ರೂಢಿಯಲ್ಲಿ ಆ ಮಾತು ನಯವನ್ನೂ ಸಂಸ್ಕಾರವನ್ನೂ ಸೂಚಿಸುತ್ತದೆ; ಅಲ್ಲಿ ನಡತೆ ಮುಖ್ಯ. ಹುಟ್ಟು, ನೆಲೆ, ನಡತೆ ಇವುಗಳಲ್ಲಿ ಯಾವುದು ಮನುಷ್ಯನನ್ನು ಒಂದು ರಾಷ್ಟ್ರಕ್ಕೆ ಸೇರಿಸುತ್ತದೆ ಎಂಬ ವಿವಾದವೇ ಮುಂದೆ ಹೇಳುವ ಗ್ರಂಥಗಳೆಲ್ಲದರಲ್ಲಿಯೂ ಅಡಗಿದೆ. ಪರದೇಶದವನನ್ನು ಪೌರನನ್ನಾಗಿ ಅಂಗೀಕರಿಸುವ ಕ್ರಮಕ್ಕೆ ದೇಶೀಕರಣವೆಂದು ಹೆಸರು. ಇಂಗ್ಲಿಷಿನಲ್ಲಿ ಅದನ್ನು ನ್ಯಾಚುರಲೈಜೇಷನ್ ಎನ್ನುತ್ತಾರೆ. ಎಂದರೆ ಸಹಜನಲ್ಲದವನನ್ನು ಸಹಜನನ್ನಾಗಿ ಮಾಡುವುದು. ಕಾನೂನಿನ ಈ ಮಾತಿನಲ್ಲಿಯೇ ಒಂದು ಕಲ್ಪಿತ ಕಥೆಯ ಛಾಯೆಯಿದೆ.

ಗ್ರೀಸಿನಿಂದ ಆರಂಭಿಸುವುದು ಯುಕ್ತ. ಕ್ರಿ. ಪೂ. ೪೫೧ರಲ್ಲಿ ಪೆರಿಕ್ಲೀಸನ ಸೂಚನೆಯಂತೆ ಅಥೆನ್ಸಿನವರು ಒಂದು ಶಾಸನ ಮಾಡಿದರು: ತಂದೆತಾಯಿಗಳಿಬ್ಬರೂ ಅಥೆನ್ಸಿನ ಪೌರವರ್ಗದವರಾಗಿದ್ದರೆ ಮಾತ್ರ ಮಗನು ಪೌರ. ಹೊರಗಿನಿಂದ ಬಂದು ನೆಲೆಸಿದ ‘ಮೆಟಿಕ’ನು ವರ್ಷಕ್ಕೆ ಹನ್ನೆರಡು ದ್ರಾಕ್ಮಗಳ ತೆರಿಗೆ ಕೊಡಬೇಕಾಗಿತ್ತು; ಒಬ್ಬ ಪೌರನನ್ನು ಪೋಷಕನನ್ನಾಗಿ ಹಿಡಿಯಬೇಕಾಗಿತ್ತು. ಕ್ರಿ. ಪೂ. ೪೧೪ರಲ್ಲಿ ಅರಿಸ್ಟೋಫನೀಸನು ಆಡಿಸಿದ ‘ಹಕ್ಕಿಗಳು’ ಎಂಬ ಪ್ರಹಸನದಲ್ಲಿ ಈ ಶಾಸನವು ಅಂತರಿಕ್ಷಕ್ಕೂ ಏರಿ ಹೋಗುತ್ತದೆ. ಅಥೆನ್ಸಿನ ವ್ಯಾಜ್ಯಗಳಿಂದ ಬೇಸತ್ತ ಇಬ್ಬರು ಮುದುಕರು ಹಕ್ಕಿಗಳ ನಡುವೆ ಆಕಾಶಪಟ್ಟಣವನ್ನು ಕಟ್ಟಿಸುತ್ತಾರೆ. ಅಲ್ಲಿಗೆ ಸೇರಬಯಸುವವರಿಗೆ ರೆಕ್ಕೆಯೇ ಪೌರತ್ವದ ಚಿಹ್ನೆ. ಆದರೆ ದೇವತೆಗಳ ರಾಯಭಾರಿಯಾಗಿ ಬಂದ ಹೆರಾಕ್ಲೀಸನಿಗೆ, ನೀನು ಪರದೇಶದ ಹೆಂಗಸಿನ ಮಗ, ಆದುದರಿಂದ ತಂದೆಯ ಸ್ವತ್ತು ನಿನಗೆ ಬಾರದು ಎಂದು ಅಥೆನ್ಸಿನ ಧರ್ಮಶಾಸ್ತ್ರವನ್ನೇ ಓದಿ ಹೇಳಲಾಗುತ್ತದೆ. ಮನೆ ಬಿಟ್ಟು ಓಡಿ ಬಂದವರು ಮನೆಯ ಕಾನೂನನ್ನು ಮೂಟೆ ಕಟ್ಟಿಕೊಂಡೇ ಬಂದಿದ್ದಾರೆ! ಈ ನಗೆಯ ಹಿಂದಿನ ವಿವೇಕವು ದೊಡ್ಡ ದೊಡ್ಡ ತತ್ತ್ವಗ್ರಂಥಗಳಲ್ಲಿಯೂ ದುರ್ಲಭ.

ಪ್ಲೇಟೋವಿನ ‘ಶಾಸನಗಳು’ ಎಂಬ ಗ್ರಂಥವು ಅವನ ಮುಪ್ಪಿನ ಕೃತಿ. ಕ್ರೀಟ್ ದ್ವೀಪದಲ್ಲಿ ಸ್ಥಾಪಿಸಬೇಕಾದ ಮ್ಯಾಗ್ನೀಷಿಯವೆಂಬ ಹೊಸ ಪಟ್ಟಣಕ್ಕೆ ಅಲ್ಲಿ ಕಾನೂನು ಬರೆಯಲಾಗುತ್ತದೆ. ಪೌರರ ಮನೆಗಳು ೫೦೪೦. ಅದಕ್ಕೆ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಪೌರನಾದವನು ಯಾವ ಕೈಗಸಬನ್ನೂ ಮಾಡಕೂಡದು; ಸದಾಚಾರವನ್ನು ಕಾಪಾಡುವುದೇ ಅವನ ಕಸಬು. ಹಾಗಾದರೆ ಬಡಗಿ ಯಾರು, ಕಮ್ಮಾರ ಯಾರು? ಹೊರಗಿನಿಂದ ಬಂದವರು. ಕಸಬನ್ನು ಬಲ್ಲ ಯಾವ ಪರದೇಶಿಯಾದರೂ ಬಂದು ನೆಲೆಸಬಹುದು. ಅಥೆನ್ಸಿನಲ್ಲಿದ್ದಂತೆ ತಲೆಗಂದಾಯವಿಲ್ಲ, ಒಳ್ಳೆಯ ನಡತೆಯೊಂದೇ ಅವನು ತೆರಬೇಕಾದ ತೆರಿಗೆ. ಆದರೆ ಹೆಸರು ಬರೆಸಿದ ದಿನದಿಂದ ಇಪ್ಪತ್ತು ವರ್ಷ ತುಂಬಿದೊಡನೆ ಅವನು ತನ್ನ ಸೊತ್ತನ್ನು ತೆಗೆದುಕೊಂಡು ಹೊರಡತಕ್ಕದ್ದು. ಅವನ ಮಗನು ಕಸಬುಗಾರನಾದರೆ ಅವನ ಅವಧಿಯು ಹದಿನೈದನೆಯ ವಯಸ್ಸಿನಿಂದ ಆರಂಭ. ಪಟ್ಟಣಕ್ಕೆ ಮಹೋಪಕಾರ ಮಾಡಿದ್ದವನು ಮಂತ್ರಾಲೋಚನ ಸಭೆಯನ್ನೂ ಮಹಾಸಭೆಯನ್ನೂ ಒಪ್ಪಿಸಿ, ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದು, ಜೀವಮಾನವೆಲ್ಲ ಇರಲು ಅನುಮತಿಯನ್ನೂ ಪಡೆಯಬಹುದು. ಗಮನಿಸಬೇಕಾದದ್ದೇನೆಂದರೆ, ಆಗಲೂ ದೊರೆಯುವುದು ಇರುವ ಅನುಮತಿಯೇ ಹೊರತು ೫೦೪೦ರಲ್ಲಿ ಒಂದು ಪಾಲಲ್ಲ.

ಸದಾಚಾರವು ಶಿಕ್ಷಣದಿಂದ ಬರುತ್ತದೆಂದು ಅದೇ ಗ್ರಂಥವು ಪುಟಪುಟದಲ್ಲಿಯೂ ವಾದಿಸುತ್ತದೆ. ಆ ಪಟ್ಟಣದಲ್ಲಿಯೇ ಹುಟ್ಟಿ, ಅಲ್ಲಿಯ ಹಬ್ಬಗಳ ನಡುವೆ ಬೆಳೆದ ಪರದೇಶಿ ಕಮ್ಮಾರನ ಮಗನು ಮೂವತ್ತೈದನೆಯ ವಯಸ್ಸಿನಲ್ಲಿ ಗಂಟು ಕಟ್ಟಿ ಹೊರಡಬೇಕಾದರೆ ಆ ವಾದ ಎಲ್ಲಿ ಉಳಿಯಿತು? ಕಸಬು ಮನಸ್ಸನ್ನು ಕೆಡಿಸುತ್ತದೆ, ಅದರಿಂದ ಕಸಬುಗಾರನು ಅನರ್ಹ ಎಂದು ಪ್ಲೇಟೋವಿನ ಪಕ್ಷದವರು ಉತ್ತರ ಹೇಳಬಹುದು. ಆದರೆ ಆ ಕಸಬನ್ನು ಅವನ ಮೇಲೆ ಹೊರಿಸಿದುದು ಪೌರನ ವಿರಾಮಕ್ಕಾಗಿಯೇ ತಾನೆ? ಉಪಯೋಗಕ್ಕೆ ಬೇಕು, ಸಹವಾಸಕ್ಕೆ ಬೇಡ ಎಂಬ ಈ ನ್ಯಾಯವು ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸ್ಪಷ್ಟವಾಗಿ ಮೂಡಿದೆ.

ಇಷ್ಟಾದರೂ ಪ್ಲೇಟೋ ಇದನ್ನು ಅರಿಯದವನಲ್ಲ. ಈ ಶಾಸನಗಳನ್ನೆಲ್ಲ ಹೇಳುವವನು ಯಾರು? ಹೆಸರಿಲ್ಲದ ಒಬ್ಬ ‘ಅಥೆನ್ಸಿನ ಪರದೇಶಿ’. ಕ್ರೀಟಿನವನು ಒಬ್ಬ, ಸ್ಪಾರ್ಟದವನು ಒಬ್ಬ ಅವನ ಜೊತೆಗಾರರು. ಗ್ರಂಥದ ಕಟ್ಟಕಡೆಯಲ್ಲಿ ಸ್ಪಾರ್ಟದ ಮೆಗಿಲ್ಲಸನು, ಈ ಪರದೇಶಿಯನ್ನು ಹೋಗಗೊಡಬಾರದು, ಬೇಡಿಯೋ ಉಪಾಯದಿಂದಲೋ ಪಟ್ಟಣದ ಸ್ಥಾಪನೆಯಲ್ಲಿ ಪಾಲುಗಾರನನ್ನಾಗಿ ಮಾಡಿಕೊಳ್ಳಬೇಕು ಎನ್ನುತ್ತಾನೆ. ಪರದೇಶಿ ಉತ್ತರ ಕೊಡುವುದಿಲ್ಲ, ಗ್ರಂಥ ಮುಗಿಯುತ್ತದೆ. ಹೊರಗಿನವರಿಗೆ ಗಡುವು ಗೊತ್ತುಮಾಡಿದ ಕಾನೂನೇ ಹೊರಗಿನವನೊಬ್ಬನ ಬಾಯಿಂದ ಬಂದದ್ದು! ‘ರಿಪಬ್ಲಿಕ್’ ಗ್ರಂಥದ ಸಂವಾದವೂ ಸಿರಕ್ಯೂಸಿನಿಂದ ಬಂದ ಮೆಟಿಕನಾದ ಕೆಫಲಸನ ಮಗ ಪೊಲೆಮಾರ್ಕಸನ ಮನೆಯಲ್ಲಿ ನಡೆಯುತ್ತದೆ. ಆ ಪೊಲೆಮಾರ್ಕಸನನ್ನು ಮೂವತ್ತು ಮಂದಿ ದೊರೆಗಳು ಕೊಲ್ಲಿಸಿದರೆಂಬುದೂ, ಜನತಂತ್ರದ ಪಕ್ಷಕ್ಕೆ ನೆರವಾದ ಅವನ ತಮ್ಮ ಲಿಸಿಯಾಸನಿಗೆ ಸೂಚಿತವಾಗಿದ್ದ ಪೌರತ್ವವು ಕಾನೂನಿನ ಆಕ್ಷೇಪಣೆಯೊಂದರಿಂದ ತಪ್ಪಿಹೋಯಿತೆಂಬುದೂ ಪ್ಲೇಟೋವಿನ ವಾಚಕರಿಗೆ ತಿಳಿದ ಸಂಗತಿಯಾಗಿತ್ತು.

ಮೋರನ ‘ಯೂಟೋಪಿಯ’ (೧೫೧೬) ಇದಕ್ಕಿಂತ ಉದಾರವೆಂಬ ಪ್ರತೀತಿಯಿದೆ. ಸ್ವಲ್ಪಮಟ್ಟಿಗೆ ಅದು ನಿಜ. ವಿಶೇಷಪ್ರತಿಭೆಯುಳ್ಳ ಅತಿಥಿಗೆ ಅಲ್ಲಿ ಆದರವಿದೆ. ಆದರೆ ಬಡವನಾದ ಪರದೇಶಿ ಒಳಗೆ ಬರಬೇಕಾದರೆ ಅದು ದಾಸ್ಯದ ಬಾಗಿಲಿನಿಂದ. ಸ್ವದೇಶದಲ್ಲಿ ದುಡಿದು ಬಳಲಿದ ಕೂಲಿಗಾರರು ತಾವಾಗಿಯೇ ಬಂದು ಯೂಟೋಪಿಯದಲ್ಲಿ ದಾಸರಾಗುತ್ತಾರೆ. ಪೌರರಂತೆಯೇ ಹೆಚ್ಚುಕಡಮೆ ಅವರಿಗೂ ಮರ್ಯಾದೆ. ಅಭ್ಯಾಸವಿರುವುದರಿಂದ ಕೆಲಸ ಮಾತ್ರ ತುಸು ಹೆಚ್ಚು. ಬಿಟ್ಟು ಹೋಗುವವರಿಗೆ ತಡೆಯಿಲ್ಲ, ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಈ ದಯೆಯನ್ನು ಮೆಚ್ಚಿದ ಓದುಗನು ಅವರು ಎಂದಾದರೂ ಪೌರರಾಗುತ್ತಾರೆಯೆ ಎಂದು ಕೇಳಿಕೊಂಡರೆ ಪುಸ್ತಕದಲ್ಲಿ ಉತ್ತರವಿಲ್ಲ. ದೇಶೀಕರಣದ ವಿಚಾರ ಅಲ್ಲಿ ಬರುವುದು ತಲೆಕೆಳಗಾಗಿ. ದ್ವೀಪದಲ್ಲಿ ಜನ ಹೆಚ್ಚಿದಾಗ ಯೂಟೋಪಿಯದವರು ಎದುರು ದಡದ ಪಾಳುಭೂಮಿಯಲ್ಲಿ ವಸಾಹತು ಹೂಡುತ್ತಾರೆ; ಅಲ್ಲಿಯ ಮೂಲನಿವಾಸಿಗಳು ಒಪ್ಪಿದರೆ ತಮ್ಮಲ್ಲಿ ಬೆರಸಿಕೊಳ್ಳುತ್ತಾರೆ, ಒಪ್ಪದಿದ್ದರೆ ಓಡಿಸುತ್ತಾರೆ, ಎದುರಿಸಿದರೆ ಯುದ್ಧ. ತನ್ನ ನೆಲದ ಮೇಲೆಯೇ ನಿಂತಿರುವವನನ್ನು ಪರದೇಶಿಯನ್ನಾಗಿ ಮಾಡಿ ಆಮೇಲೆ ಅವನಿಗೆ ಪೌರತ್ವವನ್ನು ದಯಪಾಲಿಸುವ ಈ ಕ್ರಮವನ್ನು ಮುಂದಿನ ಶತಮಾನಗಳ ಚರಿತ್ರೆ ಬಲ್ಲ ಓದುಗರು ಸಮಾಧಾನದಿಂದ ಓದಲಾರರು.

ಬೇಕನನ ‘ಹೊಸ ಅಟ್ಲಾಂಟಿಸ್’ ಅವನು ೧೬೨೬ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದದ್ದು. ಈ ಗ್ರಂಥಕರ್ತರಲ್ಲಿ ದೇಶೀಕರಣದ ಕಾನೂನನ್ನು ವೃತ್ತಿಯಿಂದಲೇ ಬಲ್ಲವನು ಇವನೊಬ್ಬ. ೧೬೦೩ರಲ್ಲಿ ಸ್ಕಾಟ್ಲೆಂಡಿನ ದೊರೆಯೇ ಇಂಗ್ಲೆಂಡಿನ ದೊರೆಯಾದಾಗ ಸ್ಕಾಟರು ಇಂಗ್ಲೆಂಡಿನಲ್ಲಿ ಪರದೇಶಿಗಳೋ ಅಲ್ಲವೋ ಎಂಬ ಪ್ರಶ್ನೆ ಹುಟ್ಟಿತು. ೧೬೦೭ರಲ್ಲಿ ಬೇಕನನು ಸ್ಕಾಟರ ಪರವಾಗಿ ಪಾರ್ಲಿಮೆಂಟಿನಲ್ಲಿ ಮಾತನಾಡಿದನು, ಸಭೆ ಒಪ್ಪಲಿಲ್ಲ. ೧೬೦೮ರಲ್ಲಿ ಕ್ಯಾಲ್ವಿನನೆಂಬ ಸ್ಕಾಟ್ ಶಿಶುವಿನ ಮೊಕದ್ದಮೆಯಲ್ಲಿ ಅದೇ ಪಕ್ಷವನ್ನು ಹಿಡಿದು ವಾದಿಸಿದನು. ದೊರೆಯ ಸಿಂಹಾಸನಾರೋಹಣದ ಬಳಿಕ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು ಇಂಗ್ಲೆಂಡಿನಲ್ಲಿ ಪರದೇಶಿಯಲ್ಲವೆಂದು ನ್ಯಾಯಾಧೀಶರು ತೀರ್ಪಿತ್ತರು. ತನ್ನ ಪ್ರಬಂಧಗಳಲ್ಲಿಯೂ ಬೇಕನನು, ಪೌರತ್ವವನ್ನು ಕೈಬಿಚ್ಚಿ ಕೊಟ್ಟ ರೋಮನ್ನರನ್ನು ಹೊಗಳಿ, ಅದರಲ್ಲಿ ಜಿಪುಣತನ ಮಾಡಿದ ಸ್ಪಾರ್ಟವನ್ನು ಆಕ್ಷೇಪಿಸುತ್ತಾನೆ.

ಇಂತಹವನು ಕಲ್ಪಿಸಿದ ಬೆನ್ಸಲೆಮ್ ದ್ವೀಪದಲ್ಲಿ ಪರದೇಶಿಗಳ ಪ್ರವೇಶವೇ ನಿಷಿದ್ಧ! ಸೊಲಮೋನ ಎಂಬ ಪುರಾತನ ರಾಜನು, ನಾಡು ಈಗ ಸುಖವಾಗಿದೆ, ಅದು ಕೆಡಲು ಸಾವಿರ ದಾರಿ, ಮೇಲಾಗಲು ದಾರಿ ಕಾಣದು ಎಂದು ಯೋಚಿಸಿ, ನೂತನತೆಗೂ ಆಚಾರಸಂಕರಕ್ಕೂ ಅಂಜಿ ಆ ಕಟ್ಟಳೆಯನ್ನು ಮಾಡಿದನಂತೆ. ದ್ವೀಪವು ಲೋಕಕ್ಕೆ ತಿಳಿಯದೆ ಉಳಿದದ್ದು ಹೇಗೆಂದು ತೋರಿಸಲು ಹೂಡಿದ ಕಥಾತಂತ್ರವಿದು ಎನ್ನಬಹುದು. ತಂತ್ರವೇ ಸರಿ, ಆದರೆ ತಂತ್ರಕ್ಕೆ ಬಿರುಗಾಳಿಯೋ ಮಂಜೋ ಸಾಕಾಗುತ್ತಿತ್ತು. ಬೇಕನನು ಶಾಸನವನ್ನೇ ಆರಿಸಿ, ಅದಕ್ಕೆ ಕಾರಣಗಳನ್ನೂ ಅಪವಾದಗಳನ್ನೂ ವಕೀಲನಂತೆ ಜೋಡಿಸಿದ್ದಾನೆ. ಆಪತ್ತಿನಲ್ಲಿ ಬಂದವರಿಗೆ ಅತಿಥಿಗೃಹವುಂಟು, ರೋಗಿಗಳಿಗೆ ಚಿಕಿತ್ಸೆಯುಂಟು. ಹೊರಟು ಹೋಗಬೇಕೆಂದವರು ಹೋಗಬಹುದು. ಇರಬೇಕೆಂದವರಿಗೆ ಸರ್ಕಾರವು ಒಳ್ಳೆಯ ಷರತ್ತುಗಳನ್ನು ಕೊಡುತ್ತದೆ. ಇಷ್ಟು ಕಾಲದಲ್ಲಿ ಹಿಂದಿರುಗಲು ಬಯಸಿದವರು ಹದಿಮೂರೇ ಮಂದಿ. ಬಾಗಿಲು ಮುಚ್ಚಿದೆ, ಆದರೆ ಒಳಗೆ ಬಂದವನು ಒಳಗಿನವನೇ.

ಇನ್ನೂ ಸೂಕ್ಷ್ಮವಾದ ವಿಷಯವೊಂದುಂಟು. ಕಥೆಯಲ್ಲಿ ಜೋಬಿನ್ ಎಂಬ ಯೆಹೂದ್ಯ ವರ್ತಕನಿದ್ದಾನೆ. ಬೆನ್ಸಲೆಮಿನವರು ಕ್ರೈಸ್ತರು, ಆದರೂ ಅವನು ತನ್ನ ಮತದಲ್ಲಿಯೇ ಇದ್ದುಕೊಂಡು ನಾಡಿನ ಕಟ್ಟಳೆಗಳನ್ನು ಅಭಿಮಾನದಿಂದ ವಿವರಿಸುತ್ತಾನೆ. ಬೇಕನನ ಇಂಗ್ಲೆಂಡಿನಲ್ಲಾದರೋ ೧೨೯೦ರಿಂದ ಯೆಹೂದ್ಯರಿಗೆ ನೆಲೆಯಿರಲಿಲ್ಲ. ಪಾರ್ಲಿಮೆಂಟಿನ ಮೂಲಕ ದೇಶೀಕೃತನಾಗಬೇಕಾದವನು ಮೊದಲು ಕ್ರೈಸ್ತಮತದ ಪ್ರಸಾದವನ್ನು ಸ್ವೀಕರಿಸಬೇಕೆಂದು ೧೬೦೯ರಲ್ಲಿ ಶಾಸನವೂ ಆಗಿತ್ತು. ಬೇಕನನಂಥ ನ್ಯಾಯವಾದಿಗೆ ಆ ಶಾಸನವು ಪರಿಚಿತವಾಗಿಯೇ ಇರಬೇಕು. ಜೋಬಿನನು ಅದಕ್ಕೆ ಕಥೆಯ ಮೂಲಕ ಕೊಟ್ಟ ಉತ್ತರವೆಂದು ಭಾವಿಸುವುದು ಅಸಂಗತವಾಗಲಾರದು. ಹಾಗೆಂದು ಬೆನ್ಸಲೆಮನ್ನು ನಿಷ್ಕಳಂಕವೆನ್ನುವಂತಿಲ್ಲ. ಅಲ್ಲಿಯ ಹನ್ನೆರಡು ಜನ ಬೆಳಕಿನ ವರ್ತಕರು ಅನ್ಯರಾಷ್ಟ್ರದವರೆಂಬ ಹೆಸರಿನಿಂದ ಪರದೇಶಗಳನ್ನು ಸಂಚರಿಸಿ ಜ್ಞಾನವನ್ನು ಕೊಂಡು ತರುತ್ತಾರೆ. ತನ್ನ ಬಾಗಿಲಲ್ಲಿ ಬಂದವರಿಂದ ಪ್ರಮಾಣ ತೆಗೆದುಕೊಳ್ಳುವ ರಾಷ್ಟ್ರವು ಇತರರ ಬಾಗಿಲಲ್ಲಿ ಸುಳ್ಳು ಹೆಸರು ಹೇಳಿಸುತ್ತದೆ.

ಸ್ವಿಫ್ಟನ ‘ಗಲಿವರನ ಪ್ರವಾಸಗಳು’ (೧೭೨೬) ಈ ಪರಂಪರೆಯನ್ನೇ ಅಣಕಿಸುತ್ತದೆ. ಪರದೇಶದ ಪ್ರಾಟೆಸ್ಟಂಟರನ್ನು ಸುಲಭವಾಗಿ ಪೌರರನ್ನಾಗಿಸುವ ಶಾಸನವು ಇಂಗ್ಲೆಂಡಿನಲ್ಲಿ ೧೭೦೯ರಲ್ಲಿ ಬಂದು ಮೂರು ವರ್ಷದೊಳಗೆ ರದ್ದಾಯಿತು. ಸ್ವಿಫ್ಟನು ಅದಕ್ಕೆ ವಿರೋಧಿ. ಆ ವಿರೋಧಿಯ ಲೇಖನಿಯಿಂದಲೇ, ಎಲ್ಲಿಯೂ ಸೇರಲಾರದವನ ಸಂಕಟ ಇಷ್ಟು ಚೆನ್ನಾಗಿ ಮೂಡಿದ್ದು ವಿಚಿತ್ರ. ಲಿಲಿಪುಟಿನಲ್ಲಿ ಗಲಿವರನು ಬಲಗಾಲನ್ನು ಎಡಗೈಯಲ್ಲಿ ಹಿಡಿದು, ಬಲಗೈ ನಡುಬೆರಳನ್ನು ನೆತ್ತಿಯ ಮೇಲೂ ಹೆಬ್ಬೆರಳನ್ನು ಕಿವಿಯ ತುದಿಯಲ್ಲೂ ಇಟ್ಟು ಪ್ರಮಾಣ ಮಾಡುತ್ತಾನೆ. ನಾರ್ಡಾಕನೆಂಬ ಬಿರುದನ್ನೂ ಪಡೆಯುತ್ತಾನೆ. ರಾಷ್ಟ್ರವು ಅವನನ್ನು ನಿಜವಾಗಿ ತನ್ನವನೆಂದು ಒಪ್ಪುವುದು ರಾಜದ್ರೋಹದ ಆಪಾದನೆಯನ್ನು ಹೊರಿಸುವಾಗ. ಜಪಾನಿನಲ್ಲಿ ಅವನು ಡಚ್ಚನೆಂದು ಸುಳ್ಳು ಹೇಳಿ, ಶಿಲುಬೆಯನ್ನು ತುಳಿಯುವ ವಿಧಿಯಿಂದ ವಿನಾಯಿತಿ ಬೇಡಿದಾಗ, ಇವನು ಡಚ್ಚನಲ್ಲ, ಕ್ರೈಸ್ತನೇ ಇರಬೇಕೆಂದು ಚಕ್ರವರ್ತಿಗೆ ಸಂಶಯ ಹುಟ್ಟುತ್ತದೆ! ಕೊನೆಗೆ ಕುದುರೆಗಳ ನಾಡಿನಲ್ಲಿ ಅವನು ಭಾಷೆ ಕಲಿತು, ನಡತೆ ತಿದ್ದಿಕೊಂಡು, ತನ್ನ ಕುಲವನ್ನೇ ಹೇಸುವಷ್ಟು ಆ ನಾಡನ್ನು ಪ್ರೀತಿಸುತ್ತಾನೆ. ನಡತೆಯಿಂದ ಪೌರತ್ವ ಬರುವುದಾದರೆ ಅವನಷ್ಟು ಅರ್ಹನಿಲ್ಲ. ಆದರೂ ವಿವೇಕಮೂರ್ತಿಗಳಾದ ಕುದುರೆಗಳ ಮಹಾಸಭೆಯು ಅವನ ದೇಹವನ್ನು ನೋಡಿ, ಇವನು ಯಾಹೂ, ಈಜಿಕೊಂಡು ಬಂದಲ್ಲಿಗೆ ಹೋಗಲಿ ಎಂದು ನಿರ್ಣಯಿಸುತ್ತದೆ. ಅಲ್ಲಿ ಆಜ್ಞೆಯೆಂಬುದಿಲ್ಲ, ‘ಉಪದೇಶ’ ಮಾತ್ರ. ಉಪದೇಶಕ್ಕೆ ಮೇಲ್ಮನವಿಯಾದರೂ ಎಲ್ಲಿ?

ಈ ಕಥೆಗಳೆಲ್ಲದರಲ್ಲಿಯೂ ಒಂದು ತೊಡಕು ಸಮಾನವಾಗಿದೆ. ಹೋದವನು ಹಿಂದಿರುಗಿ ಬಂದರೆ ಮಾತ್ರ ಪುಸ್ತಕವುಂಟು. ಯೂಟೋಪಿಯದಲ್ಲಿ ಐದು ವರ್ಷಕ್ಕೂ ಮೀರಿ ಇದ್ದ ಹಿತ್ಲೋಡೇಯನು, ಲೋಕಕ್ಕೆ ತಿಳಿಸಬೇಕೆಂಬ ಆಸೆಯಿಂದಲ್ಲದೆ ಎಂದಿಗೂ ಬಿಟ್ಟು ಬರುತ್ತಿರಲಿಲ್ಲವೆನ್ನುತ್ತಾನೆ. ನಿಜವಾಗಿ ದೇಶೀಕೃತನಾದವನು ಕಥೆ ಹೇಳಲು ಬರುವುದಿಲ್ಲ. ಆದಕಾರಣ ಈ ಪ್ರಕಾರದ ಸಾಹಿತ್ಯದಲ್ಲಿ ಪೌರನಾದ ಪರದೇಶಿಯ ಸ್ವಂತ ಮಾತು ಸಹಜವಾಗಿಯೇ ಅಪರೂಪ. ಕೇಳುವುದೆಲ್ಲ ಅತಿಥಿಯ ಮಾತು, ಇಲ್ಲವೆ ಹೊರದೂಡಲ್ಪಟ್ಟವನ ಮಾತು. ತರಗತಿಯಲ್ಲಿ ಈ ಗ್ರಂಥಗಳನ್ನು ಬೋಧಿಸುವವರು ಅವುಗಳ ಪ್ರಶಂಸೆಯನ್ನು ತೂಗುವಾಗ, ಪ್ರಶಂಸಿಸುವವನು ಆ ರಾಷ್ಟ್ರದ ಕಾನೂನಿಗೆ ಜೀವಮಾನವೆಲ್ಲ ಒಳಪಟ್ಟವನಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿಯುವುದು ಅವಶ್ಯಕ.

ಈ ಪಂಕ್ತಿಯಲ್ಲಿ ಭಾರತದಲ್ಲಿ ಹುಟ್ಟಿದ ಚಿಕ್ಕ ಕಥೆಯೊಂದಕ್ಕೂ ಸ್ಥಾನವಿದೆ. ಬಂಗಾಳದ ರೊಕೆಯಾ ಸಖಾವತ್ ಹುಸೇನರು ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಳ ಕನಸು’ ೧೯೦೫ರಲ್ಲಿ ಮದರಾಸಿನ ಸ್ತ್ರೀಯರ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಹೆಂಗಸರು ಆಳುವ, ಗಂಡಸರು ಅಂತಃಪುರದಲ್ಲಿರುವ ಆ ನಾಡಿನ ವಿನೋದವೂ ವಿಜ್ಞಾನವೂ ಪ್ರಸಿದ್ಧವಾಗಿವೆ. ಅದರ ಮೂಲಕಾರಣ ಮಾತ್ರ ಓದುಗರ ಕಣ್ಣಿಗೆ ಬೀಳುವುದು ಕಡಮೆ. ನೆರೆರಾಜ್ಯದಿಂದ ರಾಜಕೀಯ ಅಪರಾಧಕ್ಕಾಗಿ ಓಡಿ ಬಂದ ಕೆಲವರು ಅಲ್ಲಿ ಆಶ್ರಯ ಪಡೆದರು. ಅವರನ್ನು ಒಪ್ಪಿಸೆಂದು ನೆರೆಯ ದೊರೆ ಕೇಳಿದನು. ಶರಣಾಗತರನ್ನು ಹೊರಹಾಕುವುದು ತನ್ನ ಧರ್ಮವಲ್ಲವೆಂದು ರಾಣಿ ನಿರಾಕರಿಸಿದಳು. ಅದರಿಂದ ಯುದ್ಧ, ಯುದ್ಧದಲ್ಲಿ ಗಂಡಸರ ಸೋಲು, ಬಳಿಕ ವಿದ್ಯೆಯ ಬಲದಿಂದ ಹೆಂಗಸರ ಗೆಲುವು, ಆಳಿಕೆ. ಇತರ ಗ್ರಂಥಗಳಲ್ಲಿ ಪರದೇಶಿಯು ಕಟ್ಟಿ ಮುಗಿದ ರಾಷ್ಟ್ರದ ಬಾಗಿಲು ತಟ್ಟುತ್ತಾನೆ. ಇಲ್ಲಿಯಾದರೋ ಅವನಿಗೆ ಬಾಗಿಲು ತೆರೆದುದರಿಂದಲೇ ರಾಷ್ಟ್ರವು ಹೊಸದಾಗಿ ಹುಟ್ಟುತ್ತದೆ. ಯುದ್ಧವಾದ ಮೇಲೆ ಆ ಶರಣಾಗತರ ಮಾತೇ ಕಥೆಯಲ್ಲಿ ಬರುವುದಿಲ್ಲ. ಅವರು ಗಂಡಸರಾಗಿದ್ದಲ್ಲಿ ಅವರೂ ಅಂತಃಪುರಕ್ಕೆ ಸೇರಿದರೆ, ಇಲ್ಲವೆ ಅತಿಥಿಗಳಾಗಿ ಹೊರಗುಳಿದರೆ ಎಂಬುದನ್ನು ಸುಲ್ತಾನಳು ಕೇಳಿ ತಿಳಿಯುವ ಮೊದಲೇ ಅವಳಿಗೆ ಎಚ್ಚರವಾಗುತ್ತದೆ.