ತಿರುಳ್ಗನ್ನಡದ ನಾಡೂ ಅಂಗುಲದ ನಕಾಶೆಯೂ

ಕವಿರಾಜಮಾರ್ಗವು ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸಿರುವದು ಸರ್ವವಿದಿತ. ಪಂಪನೂ ಕ್ರಿ. ಶ. 941ರ ತನ್ನ ಭಾರತದ ನುಡಿಯನ್ನು ಪುಲಿಗೆರೆಗೇ ಸಲ್ಲಿಸಿರುವನು. ಆದರೂ ಈ ಸೀಮೆಯನ್ನು ನೆಲದ ಮೇಲೆ ಅಳೆದು ನೋಡದೆ ಪಾಠ ಹೇಳುವದೇ ನಮ್ಮಲ್ಲಿ ರೂಢಿಯಾಗಿದೆ. ಅದಕ್ಕೆ ತಕ್ಕ ಸಾಧನವು ಮೈಲಿಗೆ ಒಂದಂಗುಲದ ಹಳೆಯ ಸರಕಾರೀ ಮೋಜಣಿ ನಕಾಶೆ.

ನೀರು ನೆಲಗಳ ವಿಷಯದಲ್ಲಿ ಈ ನಕಾಶೆಯು ನಂಬತಕ್ಕದ್ದು. ಕೆರೆ, ಹಳ್ಳ, ಬಂಡಿಯ ದಾರಿ, ಕಪ್ಪತಗುಡ್ಡದ ಏರಿಳಿತ, ಎಲ್ಲವೂ ಅದರಲ್ಲಿರುವವು. ಈಗ ಒಂದೇ ನಗರವಾಗಿ ಬೆಳೆದಿರುವ ಗದಗವೂ ಬೆಟಗೇರಿಯೂ ಅಲ್ಲಿ ಇನ್ನೂ ಎರಡು ನೆಲೆಗಳು.

ದೋಷವಿರುವದು ಅದರ ಕತ್ತರಿಯಲ್ಲಿ. ಪ್ರತಿಯೊಂದು ಹಾಳೆಯೂ ಅಕ್ಷಾಂಶ ರೇಖಾಂಶಗಳ ಹದಿನೈದು ಕಲೆಗಳಿಗೆ ಮುಗಿಯುವದು. ಆದಕಾರಣ 48 ಎಂ ಎಂಬ ಪಟದೊಳಗೆ ಲಕ್ಷ್ಮೇಶ್ವರವು 8ನೆಯ ಹಾಳೆಗೆ, ಗದಗವು 11ಕ್ಕೆ, ಶಿರಹಟ್ಟಿಯು 12ಕ್ಕೆ, ಮುಂಡರಗಿಯು 16ಕ್ಕೆ ಬಿದ್ದಿವೆ. ಕೊಪಣವಂತೂ 57 ಎ ಎಂಬ ಬೇರೆ ಪಟಕ್ಕೇ ಹೋಯಿತು. ಗಡಿಗೆರೆಗಳು ಇನ್ನೂ ಹೆಚ್ಚು ದಾರಿ ತಪ್ಪಿಸುವವು. 1948ಕ್ಕೆ ಮುಂಚಿನ ಹಾಳೆಗಳಲ್ಲಿ ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯವು, ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮೀರಜದ್ದು, ಕೊಪ್ಪಳ ನಿಜಾಮನದು. ಪಂಪನು ಕೊಂಡಾಡಿದ ಊರು ಇಲ್ಲಿ ದೂರದ ಸಂಸ್ಥಾನವೊಂದರ ಬಿಡಿತುಣುಕು!

ಹಾಳೆಗಳನ್ನು ಜೋಡಿಸಿ ಪುಲಿಗೆರೆಯಿಂದ ಕೊಪಣಕ್ಕೆ ನೆಟ್ಟಗೆ ಗೆರೆಯೆಳೆದರೆ ಗದಗ, ಶಿರಹಟ್ಟಿಗಳು ಒಳಗುಳಿಯುವವು; ಮುಂಡರಗಿಯು ಕೆಲವೇ ಮೈಲು ತೆಂಕಣಕ್ಕೆ ಹೊರಬೀಳುವದು. ಇಷ್ಟರಿಂದ ಮುಂಡರಗಿಯ ನುಡಿ ತಿರುಳಲ್ಲವೆಂದು ವಾದಿಸುವದು ಹಾಸ್ಯಾಸ್ಪದ. ಲಕ್ಷಣಕಾರನ ಕೈಯಲ್ಲಿದ್ದುದು ಮೋಜಣಿಯ ಸರಪಳಿಯಲ್ಲ.

ಹೆಸರುಗಳ ಗತಿ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಡಂಬಳದ ಳಕಾರವು ಲಕಾರವಾಯಿತು. ಹ್ರಸ್ವ ದೀರ್ಘಗಳ ಭೇದವಳಿಯಿತು. ಪುಲಿಗೆರೆಯ ಕಡೆಯಲ್ಲಿರುವದು ಕೆರೆ, ಬೆಟಗೇರಿಯ ಕಡೆಯಲ್ಲಿರುವದು ಕೇರಿ. ಒಂದು ನೀರಿನ ಕುರುಹು, ಇನ್ನೊಂದು ಜನವಸತಿಯದು. ಇವೆರಡನ್ನು ಬೇರ್ಪಡಿಸಲು ಈ ಲಿಪಿಯಲ್ಲಿ ಉಳಿದ ಆಧಾರವೆಂದರೆ ಕೊನೆಯ ಸ್ವರವೊಂದೇ; ಬರಹಗಾರನು ಅದನ್ನೂ ಅಲಕ್ಷಿಸಿದರೆ ಹೆಸರಿನ ಸಾಕ್ಷ್ಯವೇ ಕೆಟ್ಟಿತು. ಶಾಸನಗಳಲ್ಲಿ ಲೊಕ್ಕಿಗುಂಡಿಯಾದದ್ದು ಲಕ್ಕುಂಡಿಯೆಂಬುದೂ ನಕಾಶೆಯಿಂದ ತಿಳಿಯತಕ್ಕದ್ದಲ್ಲ.

ಆದುದರಿಂದ ಈ ನಾಲ್ಕು ಹಾಳೆಗಳ ಹೆಸರುಗಳನ್ನೆಲ್ಲ ಶಾಸನಪಾಠಗಳೊಡನೆಯೂ ಊರವರ ಉಚ್ಚಾರದೊಡನೆಯೂ ತಾಳೆನೋಡಿ ಕನ್ನಡದಲ್ಲಿ ಬರೆದಿಡಬೇಕು. ಹೊಲಗಳು ನಿವೇಶನಗಳಾದಲ್ಲಿ ಹೊಲದ ಹೆಸರು ಎರಡು ತಲೆಮಾರು ಉಳಿಯಲಾರದು. ಕೆಲಸವನ್ನು ಗದಗದ ಸುತ್ತಲಿಂದಲೇ ಆರಂಭಿಸತಕ್ಕದ್ದು. ಊರು ಬೆಳೆಯುತ್ತಿರುವದು ಅಲ್ಲಿಯೇ.