ತತ್ತ್ವ–ಕಾವ್ಯಗಳ ಪುರಾತನ ಕಲಹ: ಪ್ಲೇಟೋ, ಹರಿಹರ, ರಾಘವಾಂಕ

ಕಾವ್ಯವು ಸತ್ಯವನ್ನು ತೋರಬಲ್ಲುದೇ, ಅಥವಾ ಸತ್ಯದರ್ಶನವು ತತ್ತ್ವಶಾಸ್ತ್ರಕ್ಕೆ ಮಾತ್ರ ಸಲ್ಲುವ ಅಧಿಕಾರವೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಗ್ರೀಸ್ ದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಇದನ್ನು ಎತ್ತಿಕೊಂಡು, ತತ್ತ್ವಕ್ಕೂ ಕಾವ್ಯಕ್ಕೂ ನಡುವಣ ಈ ಕಲಹವು ತನ್ನ ಕಾಲಕ್ಕೇ ಪುರಾತನವಾದುದೆಂದು ಹೇಳಿದ್ದಾನೆ. ಇದನ್ನು ಪರದೇಶದ ಪಂಡಿತರ ಚರ್ಚೆಯೆಂದು ಬದಿಗಿಡುವವರೂ ಉಂಟು, ಅಲ್ಲಿಯ ಮಾನದಂಡವನ್ನು ಹಾಗೆಯೇ ತಂದು ನಮ್ಮ ಕಾವ್ಯಗಳ ಮೇಲಿಟ್ಟು ಅಳೆಯುವವರೂ ಉಂಟು. ಎರಡೂ ಸರಿಯಲ್ಲ. ಇದೇ ಕಲಹವು ಕನ್ನಡದಲ್ಲಿ ಹರಿಹರ–ರಾಘವಾಂಕರ ನಡುವೆ ಬೇರೊಂದು ರೂಪದಲ್ಲಿ ನಡೆದಿದೆ. ಅದಕ್ಕೆ ದೊರೆತ ಉತ್ತರವೂ ಬೇರೆಯಾಗಿದೆ. ಆ ಉತ್ತರದ ಸ್ವರೂಪವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ಲೇಟೋವಿನ ಆಕ್ಷೇಪವನ್ನು ತಿಳಿಯೋಣ. ಕ್ರಿ.ಪೂ. ೩೯೯ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿತು. ಆ ಗುರುವಿನ ಶಿಷ್ಯನಾದ ಪ್ಲೇಟೋವಿಗೆ, ಜನರ ಮನಸ್ಸನ್ನು ಆಳುವ ಮಾತು ಸತ್ಯವಾದುದೋ ಕೇವಲ ಮೋಹಕವಾದುದೋ ಎಂಬುದು ಜೀವನ್ಮರಣದ ಪ್ರಶ್ನೆಯೇ ಆಗಿತ್ತು. ಅವನು ಮಂಚದ ದೃಷ್ಟಾಂತವನ್ನು ಕೊಡುತ್ತಾನೆ. ದೈವಸೃಷ್ಟಿಯಾದ ಮಂಚದ ಮೂಲಸ್ವರೂಪ ಒಂದು. ಅದನ್ನು ನೋಡಿ ಬಡಗಿ ಮಾಡಿದ ಮಂಚ ಎರಡನೆಯದು. ಬಡಗಿಯ ಮಂಚವನ್ನು ನೋಡಿ ಚಿತ್ರಕಾರನು ಬರೆದುದು ಮೂರನೆಯದು. ಕವಿಯೂ ಈ ಚಿತ್ರಕಾರನಂತೆಯೇ; ಅವನ ಸೃಷ್ಟಿ ಸತ್ಯದಿಂದ ಬಹು ದೂರದ ಅನುಕರಣ. ಬೇಲೂರಿನ ಮದನಿಕೆಯರ ಮುಂದೆ ಪ್ಲೇಟೋ ನಿಂತಿದ್ದರೆ, ಆ ಶಿಲ್ಪಿಗಳ ಕೈಚಳಕವನ್ನು ಮೆಚ್ಚಿಯೂ, ಇದು ನೆರಳಿನ ನೆರಳೆಂದು ಹೇಳಿ ಮುಂದೆ ಹೋಗುತ್ತಿದ್ದನೋ ಏನೋ! ಅವನ ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಕಾವ್ಯವು ನಮ್ಮ ಶೋಕಭಾವಗಳಿಗೆ ನೀರೆರೆದು ಬೆಳೆಸುತ್ತದೆ, ವಿವೇಕದ ಹಿಡಿತವನ್ನು ಸಡಿಲಿಸುತ್ತದೆ ಎಂಬುದು ಆ ಆಕ್ಷೇಪ.

ಆದರೆ ‘ಪ್ಲೇಟೋ ಕವಿಗಳನ್ನು ಗಡೀಪಾರು ಮಾಡಿದನು’ ಎಂಬ ಒಂದೇ ಮಾತಿನಿಂದ ತೃಪ್ತರಾಗುವುದು ಉಚಿತವಲ್ಲ. ದೇವತಾಸ್ತೋತ್ರಗಳಿಗೂ ಸಜ್ಜನರ ಪ್ರಶಂಸೆಗೂ ತನ್ನ ಆದರ್ಶರಾಜ್ಯದಲ್ಲಿ ಅವನು ಎಡೆಗೊಟ್ಟಿದ್ದಾನೆ. ತಾನೇ ಗುಹೆಯ ದೃಷ್ಟಾಂತವನ್ನೂ ಏರ್ ಎಂಬವನು ಪರಲೋಕವನ್ನು ಕಂಡು ಬಂದ ಕಥೆಯನ್ನೂ ಕಟ್ಟಿ ಹೇಳಿದ್ದಾನೆ. ತತ್ತ್ವವನ್ನು ಸೂತ್ರಗಳಲ್ಲಿ ಬರೆಯದೆ, ಪಾತ್ರಗಳು ಎದುರುಬದುರಾಗಿ ಕುಳಿತು ಮಾತನಾಡುವ ಸಂವಾದಗಳಲ್ಲಿ ಬರೆದ ಈತನನ್ನು ಕಾವ್ಯದ್ವೇಷಿಯೆನ್ನುವುದು ಹೇಗೆ? ಎ. ಎನ್. ಮೂರ್ತಿರಾಯರು ಕನ್ನಡಕ್ಕೆ ತಂದಿರುವ ‘ಸಾಕ್ರೆಟೀಸನ ಕೊನೆಯ ದಿನಗಳು’ ಓದಿದವರಿಗೆ, ತತ್ತ್ವವು ಅಲ್ಲಿ ಎಷ್ಟರ ಮಟ್ಟಿಗೆ ನಾಟಕವಾಗಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲ್ (ಕ್ರಿ.ಪೂ. ೩೮೪–೩೨೨) ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಗುರುವಿನ ಹೆಸರೆತ್ತಿ ಖಂಡಿಸದೆಯೇ ಈ ಆಕ್ಷೇಪಗಳಿಗೆ ಸಮಾಧಾನ ಹೇಳಿದನು. ಅನುಕರಣವು ಮನುಷ್ಯನಿಗೆ ಸಹಜವಾದುದು; ಮಗುವು ಮೊದಲು ಕಲಿಯುವುದೇ ಅದರಿಂದ. ಚರಿತ್ರೆಯು ನಡೆದುದನ್ನು ಹೇಳಿದರೆ ಕಾವ್ಯವು ನಡೆಯಬಹುದಾದುದನ್ನು ಹೇಳುತ್ತದೆ; ಚರಿತ್ರೆ ವಿಶೇಷವನ್ನೂ ಕಾವ್ಯ ಸಾಮಾನ್ಯವನ್ನೂ ನುಡಿಯುವುದರಿಂದ ಕಾವ್ಯವೇ ತತ್ತ್ವಕ್ಕೆ ಹೆಚ್ಚು ಸಮೀಪವಾದುದು. ಇನ್ನು ಶೋಕ, ಭಯಗಳನ್ನು ಗಂಭೀರ ನಾಟಕವು ಕೆರಳಿಸಿ ಬಿಟ್ಟುಬಿಡುವುದಿಲ್ಲ, ಅವನ್ನು ಶೋಧಿಸುತ್ತದೆ. ಗುರುವಿನ ಪ್ರಶ್ನೆಯನ್ನು ಶಿಷ್ಯನು ಹೀಗೆ ಗೌರವದಿಂದಲೇ ತಿರುಗಿಸಿ ನಿಲ್ಲಿಸಿದನು.

ಇಂತಹ ವಾದಗಳಿಗೆ ತಕ್ಕ ವಾತಾವರಣ ಹೊಯ್ಸಳ ನಾಡಿನಲ್ಲಿಯೂ ಇದ್ದಿತು. ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವ, ೧೧೨೧ರ ಸುಮಾರಿಗೆ ಹಳೇಬೀಡಿನ ಹೊಯ್ಸಳೇಶ್ವರ, ಅದೇ ಊರಿನ ಬಸ್ತಿಹಳ್ಳಿಯ ಜಿನಾಲಯಗಳು, ೧೨೨೦ರ ಸುಮಾರಿಗೆ ಅರಸೀಕೆರೆಯ ಶಿವಾಲಯ, ಅದೇ ಅರಸೀಕೆರೆಯಲ್ಲಿ ಅದೇ ಕಾಲಕ್ಕೆ ರೇಚಣ ದಂಡನಾಯಕನ ಸಹಸ್ರಕೂಟ ಜಿನಾಲಯ—ಇಷ್ಟು ಮತಗಳು ಒಂದು ದಿನದ ಕಾಲ್ನಡಿಗೆಯಷ್ಟು ಅಂತರಗಳಲ್ಲಿ ನೆಲೆನಿಂತ ಮೇಲೆ ವಾದವಿವಾದಗಳು ನಡೆಯದಿರಲು ಸಾಧ್ಯವೇ? ದೋರಸಮುದ್ರದ ಆಸ್ಥಾನದಲ್ಲಿ ತ್ರಿಭುವನತಾತನೊಡನೆ ವಾದ ಮಾಡಿ ಗೆದ್ದನೆಂದೂ ಬೇಲೂರಿನಲ್ಲಿ ಕೆರೆ ಕಟ್ಟಿಸಿ ಹೆಸರಾದನೆಂದೂ ಪರಂಪರೆ ಹೇಳುವ ಕೆರೆಯ ಪದ್ಮರಸನು ತನ್ನ ‘ದೀಕ್ಷಾಬೋಧೆ’ಯನ್ನು ರಗಳೆಯಲ್ಲಿ, ಗುರುಶಿಷ್ಯ ಸಂವಾದರೂಪದಲ್ಲಿ ಬರೆದನು. ಇಲ್ಲೊಂದು ಭೇದವನ್ನು ಗಮನಿಸಬೇಕು. ಸಾಕ್ರೆಟೀಸನು ತಾನು ಏನನ್ನೂ ಅರಿಯೆನೆಂದು ಹೇಳಿಕೊಂಡು ಎದುರಾಳಿಯನ್ನು ಪ್ರಶ್ನಿಸುತ್ತಾನೆ. ‘ದೀಕ್ಷಾಬೋಧೆ’ಯಲ್ಲಿ ಶಿಷ್ಯನು ಕೇಳುತ್ತಾನೆ, ಗುರು ಹೇಳುತ್ತಾನೆ. ಪ್ರಶ್ನೆಯಿಂದಲೇ ಎದುರಿಗಿದ್ದವರನ್ನು ಒರೆಗೆ ಹಚ್ಚುವ ಸಾಕ್ರೆಟೀಸನ ಕ್ರಮಕ್ಕೆ ಹತ್ತಿರವಾದುದನ್ನು ಹುಡುಕಬೇಕಾದರೆ ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯ ಅಲ್ಲಮಪ್ರಭುವಿನ ಬಳಿಗೇ ಹೋಗಬೇಕು. ಅಥವಾ, ಮುಂದೆ ತೋರಿಸುವಂತೆ, ರಾಘವಾಂಕನ ಇಬ್ಬರು ಹೆಣ್ಣುಮಕ್ಕಳ ಬಳಿಗೆ.

ಹರಿಹರನು ಇದೇ ದೋರಸಮುದ್ರದಲ್ಲಿ ನರಸಿಂಹ ಬಲ್ಲಾಳನ ಕರಣಿಕನಾಗಿದ್ದನು. ಆ ನರಸಿಂಹನು ಯಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಅದು ಪ್ರಕೃತಕ್ಕೆ ಮುಖ್ಯವಲ್ಲ. ಲೆಕ್ಕದ ಕಡತದ ಮುಂದೆ ಕುಳಿತಿದ್ದವನು ಹಂಪೆಯಲ್ಲಿ ವಿರೂಪಾಕ್ಷನ ಮುಂದಣ ತೆರೆಗೆ ಹತ್ತಿದ ಬೆಂಕಿಯನ್ನು ಇಲ್ಲಿಂದಲೇ ಉಜ್ಜಿ ಆರಿಸಿದನೆಂಬ ಕಥೆ ವಾಚಕರಿಗೆ ತಿಳಿದುದೇ. ಅರಮನೆಯ ಕೆಲಸವನ್ನು ತೊರೆದು ಅವನು ಹಂಪೆಗೆ ಹೋದನು. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿದಾಗ, ನರನನ್ನು ಹೊಗಳಿದೆಯೆಂದು ಗುರುವು ಕನಲಿ ಹೊಡೆದನೆಂದೂ ಶಿಷ್ಯನ ಹಲ್ಲುಗಳು ಉದುರಿದವೆಂದೂ ಶಿವಪರವಾದ ಕಾವ್ಯಗಳನ್ನು ಬರೆದ ಬಳಿಕ ಅವು ಮತ್ತೆ ಮೂಡಿದುವೆಂದೂ ಸಿದ್ಧನಂಜೇಶನ ‘ರಾಘವಾಂಕಚರಿತ್ರೆ’ ಹೇಳುತ್ತದೆ. ಇದು ಆ ಕವಿಗಳ ಕಾಲಕ್ಕೆ ನಾಲ್ಕು ಶತಮಾನಗಳಷ್ಟು ಈಚಿನ ಕೃತಿ. ಇದನ್ನು ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಆದರೆ ಜನಮನಸ್ಸು ಇಂತಹ ಕಥೆಯೊಂದನ್ನು ಉಳಿಸಿಕೊಂಡು ಬಂದಿತೆಂಬುದೇ, ತತ್ತ್ವ–ಕಾವ್ಯಗಳ ಕಲಹವು ನಮ್ಮವರ ಅರಿವಿನಲ್ಲಿಯೂ ಇದ್ದಿತೆಂಬುದಕ್ಕೆ ಸಾಕ್ಷಿ.

ಇಷ್ಟು ಹೇಳಿದೊಡನೆ, ಹರಿಹರನೇ ನಮ್ಮ ಪ್ಲೇಟೋ, ರಾಘವಾಂಕನೇ ನಮ್ಮ ಅರಿಸ್ಟಾಟಲ್ ಎಂದು ಸಮೀಕರಿಸುವುದು ಸುಲಭ. ಈ ಹೋಲಿಕೆ ಅರ್ಧ ಮಾತ್ರ ನಿಜ. ಪ್ಲೇಟೋ ಅನುಮತಿಸಿದ ಎರಡು ಪ್ರಕಾರಗಳು, ಎಂದರೆ ದೇವಸ್ತುತಿ ಮತ್ತು ಸಜ್ಜನಪ್ರಶಂಸೆ, ಹರಿಹರನ ಕಾವ್ಯಸಂಪತ್ತಿನ ಎರಡು ಭಾಗಗಳೇ ಆಗಿವೆ: ಒಂದು ಕಡೆ ‘ಗಿರಿಜಾಕಲ್ಯಾಣ’, ಇನ್ನೊಂದು ಕಡೆ ಶರಣರ ರಗಳೆಗಳು. ಆದರೆ ಕಾವ್ಯವು ಅನುಕರಣವಾದುದರಿಂದ ಅಸತ್ಯವೆಂದು ಹರಿಹರನು ಎಲ್ಲಿಯೂ ಹೇಳಲಿಲ್ಲ. ಶೋಕವನ್ನು ವರ್ಣಿಸಬಾರದೆಂದೂ ಹೇಳಲಿಲ್ಲ. ಕಾಮದಹನದ ಬಳಿಕ ರತಿಯ ಪ್ರಲಾಪವನ್ನು ತುಂಬುಹೃದಯದಿಂದ ಹಾಡಿದವನೇ ಅವನು. ಅವನ ಪ್ರಶ್ನೆ, ಕಾವ್ಯವು ಯಾರ ಊಳಿಗ ಮಾಡಬೇಕು ಎಂಬುದು. ಅರಸನ ಲೆಕ್ಕವನ್ನು ಬರೆದು ಬೇಸತ್ತ ಕೈ, ಅರಸನ ಹೊಗಳಿಕೆಯನ್ನು ಬರೆಯಲು ಒಪ್ಪಲಿಲ್ಲ. ಕುಂಬಾರ ಗುಂಡಯ್ಯನು ಕಾವ್ಯನಾಯಕನಾಗಬಲ್ಲನೆಂಬುದು ಈ ನಿಷ್ಠುರತೆಯ ಫಲ. ಪ್ಲೇಟೋವಿನ ನಿಷೇಧವು ಕಾವ್ಯದ ಬಾಗಿಲನ್ನು ಕಿರಿದುಗೊಳಿಸಿತು. ಹರಿಹರನ ನಿಷೇಧವು ಮಡಕೆ ಮಾಡುವವನಿಗೂ ಆ ಬಾಗಿಲನ್ನು ತೆರೆಯಿತು.

ಇನ್ನು ರಾಘವಾಂಕನ ಕಡೆಗೆ ತಿರುಗೋಣ. ಅವನ ಕಾವ್ಯದ ಹೃದಯವನ್ನು ನಾವು ಸಾಮಾನ್ಯವಾಗಿ ಸ್ಮಶಾನದಲ್ಲಿ, ಚಂದ್ರಮತಿಯ ಶೋಕದಲ್ಲಿ ಕಾಣುತ್ತೇವೆ. ತರಗತಿಗಳಲ್ಲಿ ಹಲವು ವರ್ಷ ಈ ಕಾವ್ಯಭಾಗಗಳನ್ನು ಪಾಠ ಹೇಳಿದ ನನಗೆ, ಅದರ ತಾತ್ತ್ವಿಕವಾದ ಕೀಲು ಅದಕ್ಕೂ ಮೊದಲೇ, ವಿಶ್ವಾಮಿತ್ರ ಸೃಷ್ಟಿಯಾದ ಅನಾಮಿಕೆಯರ ಪ್ರಸಂಗದಲ್ಲಿ ಇದೆಯೆಂದು ತೋರುತ್ತದೆ. ಹಾಡಿ ಅರಸನನ್ನು ಮೆಚ್ಚಿಸಿದ ಆ ಹೆಣ್ಣುಗಳು ಬೆಳ್ಗೊಡೆಯನ್ನು ಬೇಡುತ್ತಾರೆ. ಅದು ವಂಶಾಗತವಾದುದು, ಕೊಡಲಾಗದು ಎನ್ನುತ್ತಾನೆ. ಹಾಗಾದರೆ ನಮ್ಮನ್ನು ವರಿಸೆಂದಾಗ ಕುಲವನ್ನು ಮುಂದೆ ಮಾಡುತ್ತಾನೆ. ಆಗ ಅವರು ಎತ್ತುವ ಪ್ರಶ್ನೆ ಸಾಕ್ರೆಟೀಸನಿಗೆ ಒಪ್ಪುವಂತಹುದು: ನಮ್ಮ ಹಾಡನ್ನು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ನಮ್ಮ ರೂಪನ್ನು ಕಂಡ ಕಣ್ಣಿಗೆ ಮೈಲಿಗೆಯಿಲ್ಲ, ಗಾಳಿ ತಂದ ನಮ್ಮ ಮೈಗಂಪನ್ನು ಹೀರಿದ ಮೂಗಿಗೂ ಇಲ್ಲ, ಸ್ಪರ್ಶವೊಂದಕ್ಕೆ ಮಾತ್ರ ಈ ಮೈಲಿಗೆ ಎಲ್ಲಿಂದ ಬಂದಿತು? ಇದಕ್ಕೆ ಅರಸನಲ್ಲಿ ಉತ್ತರವಿಲ್ಲ. ಮಾತು ಮುಗಿದಲ್ಲಿ ಅವನು ಬಲವನ್ನು ಬಳಸುತ್ತಾನೆ. ಅವರನ್ನು ಹೊಡೆದು ಅಟ್ಟಿಸುತ್ತಾನೆ.

ವಾದದಲ್ಲಿ ಉತ್ತರ ಸಿಗದ ಈ ಪ್ರಶ್ನೆಗೆ ಕಥೆಯೇ ಉತ್ತರ ಕೊಡುತ್ತದೆ. ಕೊಡಲಾರೆನೆಂದ ಬೆಳ್ಗೊಡೆ ಸಮಸ್ತ ರಾಜ್ಯದೊಡನೆ ವಿಶ್ವಾಮಿತ್ರನ ಪಾಲಾಗುತ್ತದೆ. ಕುಲದ ಮಾತಾಡಿದ ಅರಸನು ಕಾಶಿಯಲ್ಲಿ ಅಂತ್ಯಜನೆನಿಸಿದ ವೀರಬಾಹುವಿಗೆ ತನ್ನನ್ನು ಮಾರಿಕೊಂಡು ಸುಡುಗಾಡನ್ನು ಕಾಯುತ್ತಾನೆ. ಅರಿಸ್ಟಾಟಲನು ನಾಯಕನ ಪತನಕ್ಕೆ ಕಾರಣವೆಂದು ಹೇಳಿದ ‘ಹಮಾರ್ಷಿಯ’ ಎಂಬ ಮಾತಿನ ಮೂಲಾರ್ಥ ಬಿಲ್ಲುಗಾರನ ಗುರಿ ತಪ್ಪುವುದು, ಅದು ಪಾಪವಲ್ಲ. ಹರಿಶ್ಚಂದ್ರನ ಸತ್ಯವು ಎಲ್ಲಿಯೂ ತಪ್ಪಿಲ್ಲ. ಆದರೆ ಅನಾಮಿಕೆಯರ ಮುಂದೆ ಅವನ ಗುರಿ ತಪ್ಪಿದೆ. ಶರಣರ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಒಪ್ಪಿದ ಪರಂಪರೆಯ ಕವಿಗೆ ಆ ತಪ್ಪಿದ ಗುರಿ ಕಾಣದೆ ಹೋದೀತೇ? ತತ್ತ್ವವು ಪ್ರಶ್ನೆಯಾಗಿ ನಿಂತಲ್ಲಿಂದ ಕಾವ್ಯವು ಅನುಭವವಾಗಿ ಮುಂದುವರಿಯುತ್ತದೆ. ಅರಿಸ್ಟಾಟಲನ ದೃಷ್ಟಿ ಇಲ್ಲಿಯ ತನಕ ನಮಗೆ ನೆರವಾಗುತ್ತದೆ.

ಇಲ್ಲಿಂದ ಮುಂದೆ ನೆರವಾಗುವುದಿಲ್ಲ. ಕೊನೆಯ ಸನ್ನಿವೇಶವನ್ನು ನೋಡಿ. ಕೊಲೆಯ ಆರೋಪ ಹೊತ್ತು ನಿಂತವಳು ತನ್ನ ಮಡದಿಯೆಂದು ಅರಿತೂ, ಒಡೆಯನ ಆಜ್ಞೆಯಂತೆ ಹರಿಶ್ಚಂದ್ರನು ಖಡ್ಗವನ್ನೆತ್ತುತ್ತಾನೆ. ಆಗ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ. ಅರಿಸ್ಟಾಟಲನ ವರ್ಗೀಕರಣದಲ್ಲಿ, ಆಪ್ತರನ್ನು ಅರಿಯದೆ ಕೊಲ್ಲಹೊರಟು, ಕೊಲ್ಲುವ ಮುನ್ನ ಗುರುತಿಸುವುದು ಅತ್ಯುತ್ತಮ. ಅರಿತೇ ಕೊಲ್ಲಹೊರಟು, ಕೊಲ್ಲದೆ ನಿಲ್ಲುವುದು ಕನಿಷ್ಠ. ಕಥೆಯ ಒಳಗಿನಿಂದ ಬಾರದೆ ಹೊರಗಿನಿಂದ ಇಳಿದು ಗಂಟನ್ನು ಬಿಡಿಸುವ ದೇವತೆಯನ್ನೂ ಅವನು ಒಪ್ಪುವುದಿಲ್ಲ. ಈ ಎರಡು ನಿಯಮಗಳನ್ನು ಯಾಂತ್ರಿಕವಾಗಿ ಹಿಡಿದರೆ ರಾಘವಾಂಕನ ಮಹಾಸನ್ನಿವೇಶವು ಎರಡು ದೋಷಗಳ ಗಂಟಾಗುತ್ತದೆ. ಅದನ್ನು ಓದಿ ಕಣ್ಣೀರು ತಂದುಕೊಂಡ ಏಳೆಂಟು ಶತಮಾನಗಳ ಸಹೃದಯರೆಲ್ಲ ಮೋಸಹೋದರೆಂದು ಹೇಳಬೇಕಾಗುತ್ತದೆ.

ಹಾಗಲ್ಲ. ಸತ್ಯವೂ ಶಿವನೂ ಬೇರೆಯಲ್ಲವೆಂಬುದನ್ನು ರಾಘವಾಂಕನು ತನ್ನ ಕಾವ್ಯಕ್ಕೆ ತಳಹದಿಯಾಗಿ ಇಟ್ಟಿದ್ದಾನೆ. ಸತ್ಯವೇ ಶಿವನಾದರೆ, ಶಿವನು ಕೊನೆಯಲ್ಲಿ ಹೊರಗಿನಿಂದ ಬಂದವನಲ್ಲ. ಅಯೋಧ್ಯೆಯನ್ನು ಬಿಟ್ಟು ನಡೆದ ಹೆಜ್ಜೆಯಲ್ಲಿ, ಮಡದಿ ಮಕ್ಕಳನ್ನು ಮಾರಿದ ಬೀದಿಯಲ್ಲಿ, ಎತ್ತಿದ ಖಡ್ಗದಲ್ಲಿ ಅವನೇ ಇದ್ದನು. ಕೊನೆಯಲ್ಲಿ ಆದುದು ಆಗಮನವಲ್ಲ, ಪ್ರಕಟನೆ. ಅರಿತೂ ಖಡ್ಗವೆತ್ತಿದುದು ಸತ್ಯವು ತನ್ನ ಕಟ್ಟಕಡೆಯ ಪ್ರೀತಿಯನ್ನೂ ಬಲಿಗೊಡಲು ಸಿದ್ಧವಾದ ಗಳಿಗೆ. ಅದು ನಮ್ಮನ್ನು ಜುಗುಪ್ಸೆಗೊಳಿಸದೆ ತಲೆಬಾಗಿಸುತ್ತದೆ. ಈ ಒಂದು ತತ್ತ್ವದಿಂದಲೇ ಹರಿಹರನ ಆಕ್ಷೇಪವೂ ಪರಿಹಾರವಾಗುತ್ತದೆ. ಹರಿಶ್ಚಂದ್ರನ ಕಥೆ ಯಾವನೋ ಒಬ್ಬ ಅರಸನ ಸ್ತುತಿಯಲ್ಲ. ನರನ ಮೂಲಕ ನಡೆದ ಶಿವಸ್ತುತಿ. ಗ್ರೀಕ್ ಮೀಮಾಂಸಕನು ಕಾಣಬಹುದಾದ ದೋಷಕ್ಕೂ ಗುರುವು ಕಂಡ ದೋಷಕ್ಕೂ ಒಂದೇ ಉತ್ತರವಿದೆ. ಅದು ಕಾವ್ಯದೊಳಗೇ ಇದೆ.

ಇಷ್ಟರಿಂದ ಗ್ರೀಕ್ ವಿಚಾರವು ನಮಗೆ ಬೇಡವೆಂದು ಅರ್ಥವಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ೧೯೨೯ರಲ್ಲಿ ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದಾಗ, ಈಸ್ಕಿಲಸನ ನಾಟಕವನ್ನು ೧೯೩೫ರಲ್ಲಿ ‘ಪಾರಸಿಕರು’ ಆಗಿ ತಂದಾಗ, ಕನ್ನಡವು ಬಡವಾಗಲಿಲ್ಲ, ಬೆಳೆಯಿತು. ಅಳತೆಗೋಲನ್ನು ಎರವಲು ತರುವುದರಲ್ಲಿ ತಪ್ಪಿಲ್ಲ. ಆದರೆ ಆ ಕೋಲು ಯಾವ ನೆಲದಲ್ಲಿ, ಯಾವ ನಾಟಕಗಳನ್ನು ಅಳೆದು ಸಿದ್ಧವಾಯಿತೆಂಬ ಎಚ್ಚರವಿರಬೇಕು.

ಇನ್ನೊಂದು ಮಾತು. ಹಲ್ಲುದುರಿದ ಕಥೆಯನ್ನು ಗುರುವಿನ ವಿಜಯವೆಂದೂ ಕಾವ್ಯದ ಸೋಲೆಂದೂ ಹೇಳುವ ಪ್ರವಚನಕಾರರು ನಮ್ಮಲ್ಲಿ ಇದ್ದಾರೆ. ಶಿವಪರವಾಗಿ ರಾಘವಾಂಕನು ಬರೆದ ಕೃತಿಗಳಲ್ಲಿ ‘ಸಿದ್ಧರಾಮಚಾರಿತ್ರ’, ‘ಸೋಮನಾಥಚರಿತೆ’, ‘ವೀರೇಶಚರಿತೆ’ಗಳು ನಮಗೆ ದೊರೆತಿವೆ, ‘ಶರಭಚಾರಿತ್ರ’, ‘ಹರಿಹರಮಹತ್ವ’ಗಳು ದೊರೆತಿಲ್ಲ. ಗುರುವು ಮುನಿದನೆನ್ನಲಾದ ‘ಹರಿಶ್ಚಂದ್ರಕಾವ್ಯ’ ಮಾತ್ರ ಓಲೆಯಿಂದ ಓಲೆಗೆ ಇಳಿದು ಇಂದಿನ ಪಠ್ಯಪುಸ್ತಕದ ತನಕ ಬಂದಿದೆ. ಪ್ಲೇಟೋ ಊರ ಹೊರಗೆ ನಿಲ್ಲಿಸಿದ ಹೋಮರನೂ ಹಾಗೆಯೇ ಇಂದಿಗೂ ಓದಿಸಿಕೊಳ್ಳುತ್ತಿದ್ದಾನೆ. ಇದರಿಂದ ಪ್ಲೇಟೋವಿನ ಗೌರವವಾಗಲಿ ಹರಿಹರನ ಗೌರವವಾಗಲಿ ಕುಂದುವುದಿಲ್ಲ. ಕಾವ್ಯವು ಸತ್ಯಕ್ಕೆ ಉತ್ತರ ಹೇಳಬೇಕೆಂದು ಪಟ್ಟುಹಿಡಿದ ಗುರುಗಳಿದ್ದುದರಿಂದಲೇ, ಉತ್ತರ ಹೇಳಬಲ್ಲ ಕಾವ್ಯವೂ ಹುಟ್ಟಿತು. ಹರಿಹರ–ರಾಘವಾಂಕರನ್ನು ಗೆದ್ದವನು–ಸೋತವನು ಎಂದು ಬೇರ್ಪಡಿಸದೆ, ಒಂದೇ ಪ್ರಶ್ನೆಯ ಎರಡು ತುದಿಗಳನ್ನು ಹಿಡಿದು ನಿಂತವರೆಂದು ಓದುವುದೇ ಅವರಿಬ್ಬರಿಗೂ ನಾವು ಸಲ್ಲಿಸಬೇಕಾದ ನ್ಯಾಯ.