ಕಣಿ ಮೊದಲು, ಬೀಜ ಆಮೇಲೆ

ಪತ್ತನಾಜೆಗೆ ಇನ್ನು ಹತ್ತು ದಿನವೂ ಇಲ್ಲ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24 ಅಥವಾ 25ಕ್ಕೆ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಹಿತ್ತಿಲು ಇರುವವರಿಗೆ ಮಾತ್ರ ಕೆಲಸ ಶುರುವಾಗುವುದೇ ಆಗ. ಈ ವಾರ ಬಜಗೋಳಿ ಪೇಟೆಯಲ್ಲಿ ಸಿಕ್ಕಿದ ಮೂವರು ಒಂದೇ ಪ್ರಶ್ನೆ ಕೇಳಿದರು: ಯಾವ ಬೀಜ ಹಾಕಲಿ? ಮೂವರಿಗೂ ನಾನು ಕೊಟ್ಟ ಉತ್ತರ ಒಂದೇ. ಬೀಜ ಇರಲಿ, ಕಣಿ ಕಡಿದಾಯಿತೇ?

ನಮ್ಮದು ಘಟ್ಟದ ಬುಡ. ಕಡಲಿನಿಂದ ಬಂದ ಮೋಡ ಕುದುರೆಮುಖದ ಸಾಲಿಗೆ ತಾಗಿ ಮುಡಾರು, ಮಾಳ, ನಲ್ಲೂರುಗಳ ಮೇಲೆ ಇಳಿಯುತ್ತದೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಿಡ ಸಾಯುವಂಥ ಚಳಿ ಇಲ್ಲಿಲ್ಲ. ಹನ್ನೆರಡು ತಿಂಗಳೂ ಏನಾದರೊಂದು ಚಿಗುರುವ ನೆಲ ಇದು. ಆದರೆ ಇಲ್ಲಿ ಹಿತ್ತಿಲು ಮಾಡುವುದೆಂದರೆ ಅರ್ಧ ವರ್ಷ ನೀರನ್ನು ಹೊರಗೆ ಕಳಿಸುವುದು, ಉಳಿದರ್ಧ ವರ್ಷ ನೀರನ್ನು ಹೊತ್ತು ತರುವುದು. ಎರಡನೆಯದನ್ನು ಎಲ್ಲರೂ ಮಾಡುತ್ತಾರೆ. ಮೊದಲನೆಯದನ್ನು ಮರೆತವರ ಗಿಡಗಳು ಜೂನ್ ಕೊನೆಯೊಳಗೆ ಬುಡ ಕೊಳೆತು ಮಲಗುತ್ತವೆ.

ನಾನೂ ಒಂದು ವರ್ಷ ಮರೆತಿದ್ದೆ. ಅಂಗಳದ ಕೆಳಗಿನ ಸಮತಟ್ಟಿನಲ್ಲಿ ಹರಿವೆ ಬಿತ್ತಿದ್ದೆ. ಮೇ ತಿಂಗಳ ಮಳೆಗೆ ಕೆಂಪಗೆ ಎದ್ದು ನಿಂತಿತ್ತು. ಜೂನ್‌ನಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೇ ದಿನ ಹೋಗಿ ನೋಡಿದರೆ ಮಡಿ ಎಲ್ಲಿತ್ತೆಂದೇ ತಿಳಿಯಲಿಲ್ಲ. ಅಂದಿನಿಂದ ಎರಡು ಮಡಿಗಳ ನಡುವೆ ಒಂದೂವರೆ ಅಡಿ ಆಳದ ಕಣಿ, ಕಣಿಯ ಬಾಯಿ ಇಳಿಜಾರಿನ ಕಡೆಗೆ, ಕಣಿಯಿಂದ ತೆಗೆದ ಮಣ್ಣೆಲ್ಲ ಮಡಿಯ ಮೇಲಕ್ಕೆ. ನಮ್ಮ ಮುರಕಲ್ಲು ಮಣ್ಣು ಗಟ್ಟಿ, ಮೇಲೆ ತೆಳು. ಮಡಿ ಏರಿಸಿದಷ್ಟೂ ಬೇರಿಗೆ ಜಾಗ.

ಇಷ್ಟು ಮಳೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಣ್ಣಿನಲ್ಲಿರುವ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದು ಹೊಳೆಗೆ ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಹಿರಿಯರು ಇದಕ್ಕೆ ಕಂಡುಕೊಂಡ ಮದ್ದು ಸುಡುಮಣ್ಣು. ತರಗೆಲೆ, ತೆಂಗಿನ ಸಿಪ್ಪೆ, ಕಡ್ಡಿ-ಕಸ ಒಂದು ಪದರ, ಮೇಲೆ ಮಣ್ಣು ಒಂದು ಪದರ, ಹೀಗೆ ಗುಡ್ಡೆ ಹಾಕಿ ಬುಡದಲ್ಲಿ ಬೆಂಕಿ ಕೊಟ್ಟರೆ ಉರಿಯದೆ ಹೊಗೆಯಾಡುತ್ತ ಎರಡು ಮೂರು ದಿನ ಬೇಯುತ್ತದೆ. ಕಳೆಯ ಬೀಜ ಸಾಯುತ್ತದೆ, ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಸಾಯುತ್ತದೆ, ಬೂದಿಯಿಂದ ಹುಳಿ ಇಳಿಯುತ್ತದೆ, ಇದ್ದಿಲ ಚೂರು ಸೇರಿ ಮಣ್ಣು ಹಗುರಾಗುತ್ತದೆ. ಶಂಕರಪುರದ ಮಲ್ಲಿಗೆ ಬೆಳೆಗಾರರು ಗಿಡದ ಬುಡಕ್ಕೆ ಇದನ್ನೇ ಕೊಡುತ್ತಾರೆ. ಪೇಟೆಯ ಯಾವ ಚೀಲದ ಗೊಬ್ಬರಕ್ಕೂ ನಾನು ಸುಡುಮಣ್ಣನ್ನು ಬಿಟ್ಟುಕೊಡಲಾರೆ. ಆದರೆ ಮಳೆ ಹಿಡಿಯುವ ಮೊದಲೇ ಮಾಡಿ, ಮಾಡಿನ ಕೆಳಗೆ ಒಣಗಿರುವಂತೆ ರಾಶಿ ಹಾಕಬೇಕು. ಮಣ್ಣು ಪರೀಕ್ಷೆ ಮಾಡಿಸುವ ಮನಸ್ಸಿದ್ದವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ದೂರವೇನಲ್ಲ.

ಇನ್ನು ಬೀಜದ ಮಾತು. ಮಳೆಗಾಲದ ಅರಸ ಊರ ಬೆಂಡೆ. ಎಂಟು ಏಣಿನ, ಮೊಳದುದ್ದದ, ತಿಳಿಬಣ್ಣದ ಹಾಲುಬೆಂಡೆ. ಪೇಟೆಯ ಐದೇಣಿನ ಗಿಡ್ಡ ಬೆಂಡೆ ಎರಡು ದಿನ ಬಿಟ್ಟರೆ ನಾರಾಗುತ್ತದೆ. ಇದು ಗೇಣುದ್ದ ದಾಟಿದರೂ ಎಳತು. ಪತ್ತನಾಜೆಯ ಹೊತ್ತಿಗೆ ಊರಿದರೆ 45–50 ದಿನಕ್ಕೆ ಮೊದಲ ಕಾಯಿ, ಅಲ್ಲಿಂದ ಎರಡು ತಿಂಗಳು ಕೊಯ್ಲು. ಅಷ್ಟಮಿ, ಚೌತಿಯ ಅಡುಗೆಗೆ ಲೆಕ್ಕ ಸರಿಯಾಗಿ ಬರುತ್ತದೆ. ನಮ್ಮ ಹಿರಿಯರ ಹಿತ್ತಿಲಿನ ಪಂಚಾಂಗವೇ ಹಾಗೆ, ಹಬ್ಬದಿಂದ ಹಿಂದಕ್ಕೆ ಎಣಿಸುವುದು. ಈಗ ಅರಸಿನದ ಗಡ್ಡೆ ನೆಟ್ಟರೆ ನಾಗರಪಂಚಮಿಗೆ ಕಡುಬು ಕಟ್ಟುವಷ್ಟು ಅಗಲದ ಎಲೆ ಸಿಗುತ್ತದೆ. ಆಟಿ ತಿಂಗಳ ಪತ್ರೊಡೆಗೆ ಕೆಸು ತಾನಾಗಿಯೇ ಏಳುತ್ತದೆ, ಅದಕ್ಕೆ ನಾವು ಮಾಡಬೇಕಾದ್ದು ಅದರ ಜಾಗ ಕೆರೆಯದೆ ಬಿಡುವುದು ಮಾತ್ರ.

ಬೆಂಡೆಯ ಜೊತೆಗೆ ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಅಲಸಂಡೆ. ಇವೆಲ್ಲ ನೆಲ ಬಿಟ್ಟು ಚಪ್ಪರಕ್ಕೆ ಏರಬೇಕು. ಗಾಳಿಯಾಡುವಲ್ಲಿ ಎಲೆ ಬೇಗ ಒಣಗುತ್ತದೆ, ಕೊಳೆ ಹಿಡಿಯುವುದು ಕಡಿಮೆ. ಹಣ್ಣುನೊಣಕ್ಕೆ ಮದ್ದು ಹೊಡೆದರೂ ಮಳೆ ತೊಳೆದು ಹಾಕುತ್ತದೆ. ಎಳೆಗಾಯಿಗೆ ಕಾಗದದ ಪೊಟ್ಟಣ ಕಟ್ಟುವುದೇ ಮೇಲು. ದೊಡ್ಡ ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದರಷ್ಟು ಖಚಿತವಾದ ದಾರಿ ನಾನು ಕಂಡಿಲ್ಲ. ಸಂಜೆ ಪಪ್ಪಾಯಿ ಎಲೆ ಹಾಸಿಟ್ಟರೆ ಅದರಡಿ ಬಂದು ಸೇರುತ್ತವೆ.

ಈ ತಿಂಗಳುಗಳಲ್ಲಿ ಟೊಮೆಟೊ, ಹೂಕೋಸು ಬೇಡ. ಅವು ಈ ಮಳೆಗೆ ಹುಟ್ಟಿದವಲ್ಲ. ಹಟ ಹಿಡಿದು ನೆಟ್ಟು, ಸತ್ತದ್ದು ಕಂಡು, ತನ್ನ ಕೈಗುಣವೇ ಸರಿಯಿಲ್ಲವೆಂದು ಹಿತ್ತಿಲನ್ನೇ ಬಿಟ್ಟ ಎಷ್ಟೋ ಜನರನ್ನು ನೋಡಿದ್ದೇನೆ. ಕೈಯಲ್ಲಿ ದೋಷವಿರಲಿಲ್ಲ, ತಿಂಗಳು ತಪ್ಪಿತ್ತು.

ದೀಪಾವಳಿ ಕಳೆಯಿತೆಂದರೆ ಅದೇ ಕಣಿಗಳನ್ನು ಅಡ್ಡ ಕಟ್ಟಿ ನೀರು ನಿಲ್ಲಿಸುವ ಕಾಲ. ಬಸಳೆಯ ದಂಟು ಊರಿ ಚಪ್ಪರಕ್ಕೆ ಹತ್ತಿಸಿ. ಮಳೆಗಾಲದಲ್ಲಿ ಎಲೆಗೆ ಚುಕ್ಕೆ ಬಿದ್ದು ಸೊರಗುವ ಬಸಳೆ ಬಿಸಿಲಿಗೆ ಎಲೆ ದಪ್ಪವಾಗಿ ಮೆರೆಯುತ್ತದೆ. ಬೂದಿ, ಮೀನು ತೊಳೆದ ನೀರು ಅದಕ್ಕೆ ಸಾಕು. ಬುಡಕ್ಕೆ ಅಡಿಕೆ ಸೋಗೆ ಮುಚ್ಚಿದರೆ ಮಾರ್ಚ್–ಏಪ್ರಿಲ್‌ನಲ್ಲಿ ನೀರಿನ ಕೊಡಗಳು ಉಳಿಯುತ್ತವೆ. ಬದನೆ, ಹರಿವೆ, ಟೊಮೆಟೊಗಳ ಕಾಲವೂ ಅದೇ. ಗದ್ದೆ ಕೊಯ್ದ ಮೇಲೆ ಹಾಕಿದ ಸೌತೆ ಬೇಸಿಗೆಯಲ್ಲಿ ಕೈಗೆ ಬಂದರೆ, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿಸಿ. ಮಳೆಗೆ ಹೊರಗಿಳಿದು ಕೊಯ್ಯಲಾಗದ ಆಟಿಯ ದಿನಗಳಲ್ಲಿ ಅದೇ ಸಾಂಬಾರಿಗೆ ಇಳಿಯುತ್ತದೆ. ಹಿತ್ತಿಲಿನ ವರ್ಷದಲ್ಲಿ ಬರಿದಾದ ತಿಂಗಳೆಂಬುದನ್ನು ನಮ್ಮ ಅಜ್ಜಿಯಂದಿರು ಹೀಗೆ ಅಳಿಸಿಹಾಕಿದ್ದರು.

ಹಾಲುಬೆಂಡೆಯ ಬೀಜ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಒಲೆಯ ಮೇಲೆ ಹೊಗೆಗೆ ಕಟ್ಟಿಟ್ಟ ಕಾಯಿ ಅಕ್ಕಪಕ್ಕದ ಯಾವುದಾದರೂ ಮನೆಯಲ್ಲಿ ಇದ್ದೇ ಇರುತ್ತದೆ, ಹೋಗಿ ಕೇಳಿ. ಒಂದು ಕಾಯಿಯ ಬೀಜ ಒಂದು ಮನೆಗೆ ಧಾರಾಳ. ಆದರೆ ಅದನ್ನು ತರಲು ಹೊರಡುವ ಮೊದಲು, ಈ ಭಾನುವಾರ ಬೆಳಗಿನ ತಂಪಿನಲ್ಲಿ ಪಿಕ್ಕಾಸು ಹಿಡಿದು ಹಿತ್ತಿಲಿಗಿಳಿಯಿರಿ. ಒಂದು ಕೊಡ ನೀರು ಸುರಿದು ಅದು ಯಾವ ಕಡೆಗೆ ಹರಿಯುತ್ತದೆಂದು ನೋಡಿ, ಅಲ್ಲಿಂದಲೇ ಕಣಿ ಶುರುಮಾಡಿ.